ಕಾಲು ಒತ್ತಿಸಿಕೊಳ್ಳಲು ಹೋಗಿ ಎರಡು ತಿಂಗಳು ಕಳೆದೆ: ನನ್ನ ರಿಫ್ಲೆಕ್ಸಾಲಜಿ ಅನುಭವ

ಕಳೆದ ವಾರ ನನ್ನ ಕೊನೆಯ ಸೆಷನ್ ಮುಗಿಯಿತು. ವಾರಕ್ಕೊಂದರಂತೆ ಆರು ಸೆಷನ್. ಆದರೆ ಮೊದಲ ಸಲ ವಿಚಾರಿಸಲು ಹೋದ ದಿನದಿಂದ ಲೆಕ್ಕ ಹಾಕಿದರೆ ಎರಡು ತಿಂಗಳ ಮೇಲಾಗಿದೆ. ನಡುವೆ ಒಂದು ರಕ್ತಪರೀಕ್ಷೆ, ಎರಡು ಸಲ ಡಾಕ್ಟರ್ ಭೇಟಿ, ವಾಪಸ್ ಬಾರದ ಒಂದಿಷ್ಟು ಹಣ, ನಿದ್ದೆಯಿಲ್ಲದ ನಾಲ್ಕು ರಾತ್ರಿ ಸೇರಿಕೊಂಡವು. ಮೊದಲೇ ಯಾರಾದರೂ ಹೇಳಿದ್ದರೆ ಇದರಲ್ಲಿ ಮುಕ್ಕಾಲು ಪಾಲು ತಪ್ಪುತ್ತಿತ್ತು. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು. ಹಗಲು ಆಫೀಸು, ರಾತ್ರಿ ಅಮ್ಮನ ಪಕ್ಕ. ಹಾಗೇ ಎರಡು ತಿಂಗಳು ಹೋಯಿತು. ಅಮ್ಮ ವಾಕರ್ ಹಿಡಿದು ನಡೆಯಲು ಶುರು ಮಾಡಿದ ಮೇಲಾದರೂ ನನಗೆ ನಿದ್ದೆ ಬರಬೇಕಿತ್ತು. ಬರಲಿಲ್ಲ. ರಾತ್ರಿ ಮೂರು ಗಂಟೆಗೆ ಸರಿಯಾಗಿ ಎಚ್ಚರ. ಅಮ್ಮ ಕೂಗಿದರೇನೋ ಅಂತ ಎದ್ದು ಹೋಗಿ ನೋಡಿದರೆ ಅವರು ಹಾಯಾಗಿ ಮಲಗಿರುತ್ತಿದ್ದರು. ಬೆಳಿಗ್ಗೆ ಏಳುವಾಗ ದವಡೆ ಬಿಗಿದುಕೊಂಡಿರುತ್ತಿತ್ತು, ರಾತ್ರಿಯೆಲ್ಲ ಹಲ್ಲು ಕಚ್ಚಿಕೊಂಡೇ ಮಲಗಿದ ಹಾಗೆ. ಆಫೀಸಿನಲ್ಲಿ ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕರೆದರೆ ಎದೆ ಧಸಕ್ ಅನ್ನುತ್ತಿತ್ತು.

ಇದನ್ನು ಗಮನಿಸಿದ ಗೆಳತಿಯೊಬ್ಬಳು "ಒಂದ್ಸಲ ಕಾಲಿಗೆ ಮಸಾಜ್ ಮಾಡಿಸ್ಕೊಂಡು ನೋಡು, ಸುಮ್ನೆ ಒಂದು ಗಂಟೆ ಕಣ್ಣು ಮುಚ್ಚಿ ಕೂತಿರೋದಕ್ಕಾದ್ರೂ ಹೋಗು" ಅಂದಳು. ಆ ಕೊನೆಯ ಮಾತೇ ನನ್ನನ್ನು ಎಬ್ಬಿಸಿದ್ದು. ಒಂದು ಗಂಟೆ ಯಾರಿಗೂ ಉತ್ತರ ಹೇಳದೆ ಕೂತು ಎಷ್ಟು ಕಾಲವಾಗಿತ್ತೋ.

ಮೊದಲು ಹೋದ ಜಾಗದ ಹೆಸರು ಹೇಳುವುದಿಲ್ಲ. ಹತ್ತಿರ ಇತ್ತು, ಹೋದೆ. ಫುಟ್ ಮಸಾಜ್ ಬೇಕಾ, ರಿಫ್ಲೆಕ್ಸಾಲಜಿ ಬೇಕಾ ಅಂತ ಕೇಳಿದರು. ನನಗೆ ಎರಡೂ ಒಂದೇ ಅನ್ನಿಸಿತ್ತು. ಅಲ್ಲ. ಫುಟ್ ಮಸಾಜ್ ಅಂದರೆ ಎಣ್ಣೆಯೋ ಕ್ರೀಮೋ ಹಚ್ಚಿ ಪಾದ, ಮೀನಖಂಡಗಳನ್ನು ನೀವುವುದು, ಉಜ್ಜುವುದು. ಸ್ನಾಯು ಸಡಿಲವಾಗಲಿ ಅನ್ನುವುದಷ್ಟೇ ಅದರ ಉದ್ದೇಶ. ರಿಫ್ಲೆಕ್ಸಾಲಜಿಯಲ್ಲಿ ಎಣ್ಣೆ ಕಡಿಮೆ, ಕೆಲವರು ಬಳಸುವುದೇ ಇಲ್ಲ. ಅಂಗಾಲಿನ ಒಂದೊಂದು ಜಾಗಕ್ಕೂ ದೇಹದ ಒಂದೊಂದು ಅಂಗಕ್ಕೂ ನಂಟಿದೆ ಅಂತ ಹೇಳಿ, ಹೆಬ್ಬೆರಳಿನಿಂದ ಆ ಬಿಂದುಗಳನ್ನು ಒತ್ತುತ್ತಾ ಹೋಗುತ್ತಾರೆ. ಕಾಲಿನ ಹೆಬ್ಬೆರಳು ತಲೆಗೆ, ಬೆರಳುಗಳ ಬುಡದ ಉಬ್ಬು ಎದೆಗೆ, ನಡುವಿನ ತಗ್ಗು ಹೊಟ್ಟೆಗೆ, ಪಾದದ ಒಳ ಅಂಚು ಬೆನ್ನುಮೂಳೆಗೆ. ಗೋಡೆ ಮೇಲೆ ಬಣ್ಣ ಬಣ್ಣದ ಪಾದದ ಚಿತ್ರ ತೂಗುಹಾಕಿದ್ದರು. ಐದು ಸಾವಿರ ವರ್ಷದ ವಿದ್ಯೆ ಅಂದರು.

ಮನೆಗೆ ಬಂದ ಮೇಲೆ ಓದಿ ತಿಳಿದುಕೊಂಡಿದ್ದು ಬೇರೆ. ಕಾಲು ಒತ್ತುವುದು ಬಹಳ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಈಜಿಪ್ಟಿನ ಸಕ್ಕಾರಾದಲ್ಲಿರುವ, ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಸಮಾಧಿಯೊಂದರ ಗೋಡೆಯ ಮೇಲೆ ಒಬ್ಬರು ಇನ್ನೊಬ್ಬರ ಕೈಕಾಲು ಹಿಡಿದು ಕೂತಿರುವ ಕೆತ್ತನೆ ಇದೆ. ಆದರೆ ನಾನು ನೋಡಿದಂಥ ಪಾದದ ನಕ್ಷೆ ಇತ್ತೀಚಿನದು. ಅಮೆರಿಕದಲ್ಲಿ ವಿಲಿಯಂ ಫಿಟ್ಜ್‌ಜೆರಾಲ್ಡ್ ಅನ್ನುವ ಕಿವಿ-ಮೂಗು-ಗಂಟಲಿನ ಡಾಕ್ಟರ್ 1910ರ ದಶಕದಲ್ಲಿ ದೇಹವನ್ನು ತಲೆಯಿಂದ ಕಾಲಿನವರೆಗೆ 10 ಉದ್ದುದ್ದ ಪಟ್ಟಿಗಳಾಗಿ ಭಾಗ ಮಾಡಿದರು. ಯೂನಿಸ್ ಇಂಗಮ್ ಅನ್ನುವ ಫಿಸಿಯೋಥೆರಪಿಸ್ಟ್ 1930ರ ದಶಕದಲ್ಲಿ ಅದನ್ನೇ ಪಾದದ ಮೇಲೆ ಬಿಡಿಸಿ ಅಂಗಗಳ ನಕ್ಷೆ ಮಾಡಿದರು. ಒಂದು ಪಂಥದ ನಕ್ಷೆಗೂ ಇನ್ನೊಂದರ ನಕ್ಷೆಗೂ ಎಲ್ಲ ಕಡೆ ತಾಳೆಯಾಗುವುದಿಲ್ಲ. ಇಷ್ಟು ಮೊದಲೇ ಗೊತ್ತಿದ್ದಿದ್ದರೆ ಆ ದಿನ ನಾನು ಅಷ್ಟು ಹೆದರುತ್ತಿರಲಿಲ್ಲ.

ನನ್ನನ್ನು ಯಾವ ಫಾರಂ ತುಂಬಿಸಲೂ ಇಲ್ಲ, ಏನಾದರೂ ಕಾಯಿಲೆ ಇದೆಯಾ ಅಂತ ಕೇಳಲೂ ಇಲ್ಲ. ಸೀದಾ ಕುರ್ಚಿಗೆ ಒರಗಿಸಿದರು. ಐದೇ ನಿಮಿಷಕ್ಕೆ ಒಂದು ಚಿಕ್ಕ ಮರದ ಕಡ್ಡಿ ತೆಗೆದು ಅಂಗಾಲಿಗೆ ಒತ್ತಿದರು. ಕಣ್ಣಲ್ಲಿ ನೀರು ಬಂತು. "ನೋವಾದ್ರೆ ಒಳ್ಳೇದು, ಅಲ್ಲಿ ಬ್ಲಾಕ್ ಇದೆ ಅಂತ ಅರ್ಥ" ಅಂದರು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ದವಡೆ ಸಡಿಲವಾಗಲಿ ಅಂತ ಹೋದವರು ಅಲ್ಲೂ ಹಲ್ಲು ಕಚ್ಚಿ ಕೂರಬೇಕಾಯಿತು. ಬಲಗಾಲಿನ ನಡುವೆ ಒಂದು ಜಾಗ ಒತ್ತಿದಾಗ ಕಾಲು ತಾನಾಗಿ ಹಿಂದೆ ಸರಿಯಿತು. ಅವರು ತಲೆಯೆತ್ತಿ ನನ್ನ ಮುಖ ನೋಡಿದರು.

"ಇದು ಕಿಡ್ನಿ ಪಾಯಿಂಟ್. ನಿಮ್ಮ ಕಿಡ್ನಿ ವೀಕ್ ಇದೆ. ಚರ್ಮದ ಕೆಳಗೆ ಮರಳು ಮರಳಾಗಿ ಸಿಗ್ತಿದೆ ನೋಡಿ, ಅದೆಲ್ಲ ವಿಷ. ಹತ್ತು ಸೆಷನ್ ಮಾಡಿಸಿ, ಕರಗಿ ಹೋಗುತ್ತೆ."

ಆ ಹೊತ್ತಿನಲ್ಲಿ ನನಗಾದ ಭಯ ಬರೆದು ಹೇಳಲು ಆಗುವುದಿಲ್ಲ. ಅಮ್ಮನನ್ನು ನೋಡಿಕೊಳ್ಳಲು ಇರುವುದು ನಾನೊಬ್ಬಳೇ. ನನಗೇ ಏನಾದರೂ ಆದರೆ? ಹೊರಗೆ ಬಂದವಳೇ ಹತ್ತು ಸೆಷನ್‌ಗೆ ಅರ್ಧ ಹಣ ಮುಂಗಡ ಕೊಟ್ಟೆ. ಕೊಟ್ಟ ಹಣ ವಾಪಸ್ ಇಲ್ಲ ಅಂತ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಓದಿದ್ದು ಮನೆಯಲ್ಲಿ.

ಇಲ್ಲೇ ಒಂದು ಮಾತು. ಮೊದಲ ದಿನ ಯಾವ ಕಾರಣಕ್ಕೂ ಪ್ಯಾಕೇಜ್ ತೆಗೆದುಕೊಳ್ಳಬೇಡಿ. ಒಂದೇ ಸೆಷನ್‌ಗೆ ಹಣ ಕೊಟ್ಟು ಹೊರಡಿ. ಜಾಸ್ತಿ ರಿಯಾಯಿತಿ ಅಂದರೂ ಬೇಡ. ಆ ರಾತ್ರಿ ನಿದ್ದೆ ಹೇಗೆ ಬಂತು, ಬೆಳಿಗ್ಗೆ ಪಾದ ಹೇಗಿದೆ ಅಂತ ನೋಡಿದ ಮೇಲೆ ಮುಂದಿನ ಮಾತು.

ಬೆಳಿಗ್ಗೆ ನೋಡಿದರೆ ನನ್ನ ಅಂಗಾಲಿನಲ್ಲಿ ಎರಡು ಕಡೆ ನೀಲಿ ಕಲೆ. ಹಿಮ್ಮಡಿ ಊರಿ ನಡೆಯಬೇಕಾಯಿತು. ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಮೂರನೇ ದಿನಕ್ಕೆ. ಅಲ್ಲಿ ಒಂದೂವರೆ ಗಂಟೆ ಕಾದೆ. ವಿಷಯ ಕೇಳಿ ಅವರು ಗದರಲಿಲ್ಲ. ನಿಮ್ಮ ಮನಸ್ಸಿಗೆ ಸಮಾಧಾನವಾಗಲಿ ಅಂತ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆಗೆ ಬರೆದುಕೊಟ್ಟರು. ರಿಪೋರ್ಟ್ ಬಂದಿದ್ದು ಮರುದಿನ ಸಂಜೆ. ಎಲ್ಲ ಸರಿಯಾಗಿತ್ತು. ಆ ಹಾಳೆ ಕೈಯಲ್ಲಿ ಹಿಡಿದು ಲ್ಯಾಬಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೇಬಿಟ್ಟೆ. ಕಾಲು ನಡುಗುತ್ತಿತ್ತು.

ಹಾಗಾದರೆ ಆ ಜಾಗ ಅಷ್ಟು ಯಾಕೆ ನೋಯಿತು? ಅದನ್ನೂ ಡಾಕ್ಟರನ್ನೇ ಕೇಳಿದ್ದೆ. ಅವರು ತಮ್ಮ ಅಂಗೈಯನ್ನು ಸ್ವಲ್ಪ ಬಾಗಿಸಿ, ಅದರ ಮೇಲೆ ಬೆರಳೆಳೆದು ತೋರಿಸಿದರು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಒಂದು ಗಟ್ಟಿ ಪಟ್ಟಿ ಹಾದುಹೋಗುತ್ತದೆ, ಬಿಲ್ಲಿಗೆ ಕಟ್ಟಿದ ಹಗ್ಗದ ಹಾಗೆ. ಪ್ಲಾಂಟಾರ್ ಫೇಶಿಯಾ ಅಂತ ಅದರ ಹೆಸರು. ತುಂಬ ಹೊತ್ತು ನಿಂತರೆ, ಅಡಿ ತೆಳುವಾದ ಚಪ್ಪಲಿ ಹಾಕಿದರೆ ಅದು ನೋಯುತ್ತದೆ. ಎರಡು ತಿಂಗಳು ನಾನು ನಿಂತೇ ಇದ್ದೆ. ಮರದ ಕಡ್ಡಿಯಿಂದ ಅಷ್ಟು ಜೋರಾಗಿ ಒತ್ತಿದರೆ ಯಾರಿಗಾದರೂ ನೋಯುತ್ತದೆ. ಒಂದೊಂದು ಪಾದದಲ್ಲಿ 26 ಮೂಳೆ, 33 ಕೀಲು, ನೂರಕ್ಕೂ ಹೆಚ್ಚು ಸ್ನಾಯು, ಸ್ನಾಯುರಜ್ಜು, ಅಸ್ಥಿರಜ್ಜುಗಳಿವೆ. ಒತ್ತಿದಾಗ ಮರಳು ಮರಳಾಗಿ, ಗಂಟು ಗಂಟಾಗಿ ಸಿಗಲು ಇವೇ ಸಾಕು, ವಿಷವೇ ಆಗಬೇಕಿಲ್ಲ.

ಅಂಗಾಲಿನ ಒಂದು ಬಿಂದುವಿನಿಂದ ಕಿಡ್ನಿಗೆ ನೇರ ದಾರಿ ಇದೆ ಅಂತ ಯಾರೂ ತೋರಿಸಿಲ್ಲ. ಪಾದ ಮುಟ್ಟಿ ಕಾಯಿಲೆ ಕಂಡುಹಿಡಿಯಬಹುದು, ವಾಸಿ ಮಾಡಬಹುದು ಅನ್ನುವುದಕ್ಕೂ ನಂಬುವಂಥ ಆಧಾರ ಸಿಕ್ಕಿಲ್ಲ. ಯಾರಾದರೂ ನಿಮ್ಮ ಪಾದ ಹಿಡಿದು ಲಿವರ್ ಸರಿಯಿಲ್ಲ, ಥೈರಾಯ್ಡ್ ಇದೆ ಅಂದರೆ ದಯವಿಟ್ಟು ನನ್ನ ಹಾಗೆ ನಾಲ್ಕು ರಾತ್ರಿ ಒದ್ದಾಡಬೇಡಿ. ಕಾಯಿಲೆಯ ಲಕ್ಷಣ ನಿಜಕ್ಕೂ ಇದ್ದರೆ ಡಾಕ್ಟರ್ ಹತ್ತಿರ ಹೋಗಿ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನಂತೂ ಇವರ ಮಾತು ಕೇಳಿ ನಿಲ್ಲಿಸಲೇಬೇಡಿ.

ಪರೀಕ್ಷೆಯ ಖರ್ಚು, ಡಾಕ್ಟರ್ ಫೀಸು, ಹೋದ ಮುಂಗಡ ಎಲ್ಲ ಕೂಡಿಸಿದರೆ ಆಮೇಲೆ ಮಾಡಿಸಿದ ಆರು ಸೆಷನ್‌ಗಿಂತ ಜಾಸ್ತಿಯೇ ಆಯಿತು. ಅಲ್ಲಿಗೇ ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಗೆಳತಿ ಬಿಡಲಿಲ್ಲ. "ಅದು ಮಸಾಜ್ ತಪ್ಪಲ್ಲ, ಮಾಡಿದವರ ತಪ್ಪು" ಅಂದಳು. ಹತ್ತು ದಿನ ಕಲೆ ಮಾಯಲು ಬಿಟ್ಟೆ. ಈ ಸಲ ಹೋಗುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ತರಬೇತಿ ಎಲ್ಲಿ ಆಗಿದೆ, ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ? ಶುರು ಮಾಡುವ ಮೊದಲು ಆರೋಗ್ಯದ ವಿವರ ಕೇಳುತ್ತೀರಾ? ಇದರಿಂದ ಕಾಯಿಲೆ ವಾಸಿಯಾಗುತ್ತದಾ? ಎರಡು ಕಡೆ ಮೂರನೇ ಪ್ರಶ್ನೆಗೆ ಕಾಯಿಲೆಗಳ ದೊಡ್ಡ ಪಟ್ಟಿಯನ್ನೇ ಒಪ್ಪಿಸಿದರು. ಮೂರನೇ ಕಡೆ ಫೋನ್ ಎತ್ತಿದ ಹೆಂಗಸು "ಇಲ್ಲ. ಮೈ ಹಗುರ ಅನ್ನಿಸುತ್ತೆ, ಮನಸ್ಸು ಸ್ವಲ್ಪ ನಿಲ್ಲುತ್ತೆ, ಅಷ್ಟೇ" ಅಂದರು. ಅಲ್ಲಿಗೇ ಹೋದೆ.

ಹೋದ ದಿನ ಕಾಲಿಗೆ ಕೈಯನ್ನೇ ಹಾಕಲಿಲ್ಲ! ಎರಡು ಪುಟದ ಫಾರಂ ಕೊಟ್ಟರು. ಸಕ್ಕರೆ ಕಾಯಿಲೆ ಇದೆಯಾ, ಪಾದದಲ್ಲಿ ಜೋಮು ಹಿಡಿಯುತ್ತದಾ, ಕಾಲಿನ ರಕ್ತನಾಳದಲ್ಲಿ ಯಾವಾಗಲಾದರೂ ರಕ್ತ ಹೆಪ್ಪುಗಟ್ಟಿತ್ತಾ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಬಸುರಿಯಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ, ಮೂಳೆ ಮುರಿದಿತ್ತಾ, ಗೌಟ್ ಅಂದರೆ ಕೀಲು ಊದಿ ನೋಯುವ ಕಾಯಿಲೆ ಇದೆಯಾ, ಪಾದದಲ್ಲಿ ಗಾಯ, ಫಂಗಸ್, ಆಣಿ ಏನಾದರೂ ಇದೆಯಾ. ಒಂದೊಂದಕ್ಕೂ ಕಾರಣ ಹೇಳಿದರು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿದ್ದರೆ ಎಷ್ಟು ಜೋರಾಗಿ ಒತ್ತಿದರೂ ಗೊತ್ತಾಗುವುದಿಲ್ಲ, ಗಾಯವಾಗಬಹುದು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಇದ್ದರೆ ನೀವಿದಾಗ ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು, ಪ್ರಾಣಕ್ಕೇ ಅಪಾಯ. ಒಂದೇ ಕಾಲು ಊದಿದ್ದರೆ, ಬಿಸಿಯಾಗಿದ್ದರೆ, ಮೀನಖಂಡ ನೋಯುತ್ತಿದ್ದರೆ ಮಸಾಜ್ ಕಡೆ ತಲೆ ಹಾಕಬೇಡಿ, ಮೊದಲು ಆಸ್ಪತ್ರೆಗೆ ಹೋಗಿ.

ನನ್ನ ಎಡ ಮೀನಖಂಡದಲ್ಲಿ ಹಳೆಯ ವೆರಿಕೋಸ್ ವೇನ್ ಇದೆ. ಉಬ್ಬಿದ ನರ ಅಂತೀವಲ್ಲ, ಅದೇ. ಅದನ್ನು ನೋಡಿ ಅವರು "ಡಾಕ್ಟರ್ ಹತ್ತಿರ ಒಂದು ಪತ್ರ ತನ್ನಿ, ಆಮೇಲೆ ಮಾಡೋಣ" ಅಂದರು. ಆ ಕ್ಷಣಕ್ಕೆ ಬೇಜಾರಾಯಿತು. ಅಮ್ಮನ ಹತ್ತಿರ ಕೂರಲು ಪಕ್ಕದ ಮನೆಯವರನ್ನು ಒಪ್ಪಿಸಿ, ಎರಡು ಗಂಟೆ ಬಿಡುವು ಮಾಡಿಕೊಂಡು ಬಂದಿದ್ದೆ. ಮತ್ತೆ ಅಪಾಯಿಂಟ್‌ಮೆಂಟ್, ಮತ್ತೆ ಕಾಯುವುದು, ಮತ್ತೆ ಫೀಸು. ಡಾಕ್ಟರ್ ಕಾಲು ನೋಡಿ, ಪಾದಕ್ಕೆ ಹಗುರವಾಗಿ ಮಾಡಿಸಬಹುದು, ಉಬ್ಬಿದ ರಕ್ತನಾಳದ ಮೇಲೆ ಒತ್ತಬಾರದು ಅಂತ ಎರಡು ಸಾಲು ಬರೆದುಕೊಟ್ಟರು. ಹಿಂದಿನ ಸಲ ಹೋದಾಗಲೇ ಕೇಳಿದ್ದರೆ ಒಂದು ವಾರ ಉಳಿಯುತ್ತಿತ್ತು. ನಿಮಗೆ ಈ ಥರದ ಯಾವುದೇ ತೊಂದರೆ ಇದ್ದರೆ ಪತ್ರ ಹಿಡಿದುಕೊಂಡೇ ಹೋಗಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನೂ ಬರೆದಿಟ್ಟುಕೊಳ್ಳಿ. ಅಲ್ಲಿ ಕೂತಾಗ ನೆನಪಾಗುವುದಿಲ್ಲ.

ಕೊನೆಗೂ ಮೊದಲ ಸೆಷನ್. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಅದ್ದಿಸಿ, ಒರೆಸಿ, ಒಂದು ಕಾಲನ್ನು ಟವೆಲಿನಲ್ಲಿ ಸುತ್ತಿಟ್ಟರು. ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಒತ್ತಲಿಲ್ಲ, ಉಜ್ಜಲಿಲ್ಲ, ಸುಮ್ಮನೆ ಹಿಡಿದುಕೊಂಡರು. ಬಹುಶಃ ಒಂದು ನಿಮಿಷ. "ಒಂದರಿಂದ ಹತ್ತರ ತನಕ ನೋವಿಗೆ ನಂಬರ್ ಕೊಡಿ, ನಾಲ್ಕು ದಾಟಿದ್ರೆ ನನಗೆ ಹೇಳ್ಬೇಕು" ಅಂದರು. ಆಮೇಲೆ ಶುರು ಮಾಡಿದರು. ಹೆಬ್ಬೆರಳನ್ನು ಮಡಚುತ್ತಾ, ಚಾಚುತ್ತಾ, ಕೂದಲೆಳೆಯಷ್ಟು ಮುಂದೆ ಸರಿಸುತ್ತಾ ಹಿಮ್ಮಡಿಯಿಂದ ಬೆರಳಿನ ಕಡೆಗೆ ಹೋಗುತ್ತಿದ್ದರು. ಎಲೆಯ ಮೇಲೆ ಕಂಬಳಿಹುಳು ಹೋಗುತ್ತದಲ್ಲ, ಹಾಗೆ. ಚರ್ಮದ ಮೇಲೆ ಜಾರುವುದಿಲ್ಲ, ಒತ್ತಡ ಎಲ್ಲೂ ತಪ್ಪುವುದಿಲ್ಲ. ಬೆರಳು ಎತ್ತಿದ್ದು ಯಾವಾಗ, ಇಟ್ಟಿದ್ದು ಯಾವಾಗ ಅಂತಲೇ ಗೊತ್ತಾಗುತ್ತಿರಲಿಲ್ಲ.

ಮೊದಲ ಹತ್ತು ನಿಮಿಷ ನನ್ನ ತಲೆ ಓಡುತ್ತಲೇ ಇತ್ತು. ಅಮ್ಮ ಮಾತ್ರೆ ತಗೊಂಡ್ರಾ, ನಾಳೆಯ ಮೀಟಿಂಗ್‌ಗೆ ಹಾಳೆ ರೆಡಿ ಇದೆಯಾ. ಆಮೇಲೆ ಬೆರಳುಗಳ ಬುಡದ ಉಬ್ಬಿನ ಕೆಳಗೆ, ನಟ್ಟನಡುವಿನ ತಗ್ಗಿನಲ್ಲಿ ಹೆಬ್ಬೆರಳು ಇಟ್ಟು, "ನಾನು ಒತ್ತುವಾಗ ಉಸಿರು ಎಳ್ಕೊಳ್ಳಿ, ಬಿಡುವಾಗ ಬಿಡಿ" ಅಂದರು. ಸೋಲಾರ್ ಪ್ಲೆಕ್ಸಸ್ ಬಿಂದು ಅಂತ ಅದನ್ನು ಕರೆಯುತ್ತಾರೆ. ಹೆಸರು ಏನಾದರೂ ಇರಲಿ. ಉಸಿರು ನಿಧಾನವಾದರೆ, ಅದರಲ್ಲೂ ಬಿಡುವ ಉಸಿರು ಉದ್ದವಾದರೆ, ಎದೆಬಡಿತವೂ ನಿಧಾನವಾಗುತ್ತದೆ. ಇದಕ್ಕೆ ನಕ್ಷೆಯೇನೂ ಬೇಕಿಲ್ಲ. ಐದಾರು ಉಸಿರಿಗೆ ನನ್ನ ಕೆಳದವಡೆ ಜೋತುಬಿತ್ತು. ನಾಲಿಗೆ ಹಲ್ಲಿನಿಂದ ದೂರ ಸರಿಯಿತು. ಅಷ್ಟು ದಿನ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದಿದ್ದೆ ಅನ್ನುವುದೇ ಆಗ ಗೊತ್ತಾದದ್ದು.

ಆಮೇಲೆ ಅಳು ಬಂತು. ದುಃಖವೇನೂ ಇರಲಿಲ್ಲ, ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಎರಡು ತಿಂಗಳಿಂದ ಬೇರೆಯವರ ಮೈ ಎತ್ತುವುದು, ಒರೆಸುವುದು, ಹಿಡಿದುಕೊಳ್ಳುವುದು ನನ್ನ ಕೆಲಸವಾಗಿತ್ತು. ನನ್ನನ್ನು ಯಾರೋ ಹಿಡಿದುಕೊಂಡಿದ್ದು ಇದೇ ಮೊದಲು. ಅವರು ಏನೂ ಕೇಳಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಪಕ್ಕದಲ್ಲಿದ್ದ ಚಿಕ್ಕ ಟವೆಲನ್ನು ನನ್ನ ಕೈಗೆ ಸಿಗುವ ಹಾಗೆ ಸರಿಸಿದರು, ಅಷ್ಟೇ. ನಿಮಗೂ ಹೀಗಾದರೆ ಗಾಬರಿಯಾಗಬೇಡಿ, ನಾಚಿಕೊಳ್ಳಲೂಬೇಡಿ. ತುಂಬಾ ಜನರಿಗೆ ಆಗುತ್ತಂತೆ.

ಆ ರಾತ್ರಿ ಬೆಳಗಿನ ಐದೂವರೆಯ ತನಕ ನಿದ್ದೆ ಮಾಡಿದೆ.

ಮುಂದಿನದೆಲ್ಲ ಇಷ್ಟೇ ಚೆನ್ನಾಗಿತ್ತು ಅಂದರೆ ಸುಳ್ಳಾಗುತ್ತದೆ. ಎರಡನೇ ಸಲ ಹೊಟ್ಟೆ ತುಂಬ ಊಟ ಮಾಡಿ ಹೋಗಿದ್ದೆ, ಒರಗಿ ಕೂತಿದ್ದಷ್ಟೂ ಹೊತ್ತು ಎದೆಯುರಿ. ಊಟವಾಗಿ ಒಂದೆರಡು ಗಂಟೆ ಬಿಟ್ಟು ಹೋಗುವುದೇ ಸರಿ. ಮೂರನೇ ಸಲ ಬರೀ ಕಚಗುಳಿ. ಕಚಗುಳಿಯಾದರೆ ಹಗುರ ಮಾಡುವುದಲ್ಲ, ಇನ್ನಷ್ಟು ಗಟ್ಟಿಯಾಗಿ, ನಿಧಾನವಾಗಿ ಹಿಡಿಯಬೇಕಂತೆ. ಹೇಳಿದ ಮೇಲೆ ಹಾಗೇ ಮಾಡಿದರು, ನಿಂತಿತು. ನಾಲ್ಕನೆಯದರ ಕೊನೆಗೆ ಹಚ್ಚಿದ ಕ್ರೀಮ್ ಒರೆಸದೆ ಎದ್ದು ನಿಂತವಳು ಜಾರಿ ಕುರ್ಚಿ ಹಿಡಿದುಕೊಂಡೆ. ಮನೆಯಲ್ಲಿ ಒಬ್ಬರು ಬಿದ್ದಿರುವುದೇ ಸಾಕು. ಪಾದ ಪೂರ್ತಿ ಒರೆಸಿಸಿಕೊಂಡು, ಚಪ್ಪಲಿ ಹಾಕಿ, ಎರಡು ನಿಮಿಷ ಕೂತು ಆಮೇಲೆ ಏಳಿ. ಆ ಹೊತ್ತಿಗೆ ತಲೆಯೂ ಸ್ವಲ್ಪ ಮಂಕಾಗಿರುತ್ತದೆ, ಕೂಡಲೇ ಗಾಡಿ ಓಡಿಸಲು ಹೋಗಬೇಡಿ. ಮೊಣಕಾಲಿನವರೆಗೆ ಸುಲಭವಾಗಿ ಮಡಚಬಹುದಾದ ಬಟ್ಟೆ ಹಾಕಿಕೊಂಡು ಹೋಗಿ. ಮುಗಿದ ಮೇಲೆ ನೀರು ಕೊಡುತ್ತಾರೆ. ಬಾಯಾರಿದ್ದರೆ ಕುಡಿಯಿರಿ. ವಿಷ ಹೊರಹೋಗಲು ಅಂತ ಲೀಟರ್‌ಗಟ್ಟಲೆ ಕುಡಿಯಬೇಕಿಲ್ಲ. ಆ ಕೆಲಸವನ್ನು ಕಿಡ್ನಿ, ಲಿವರ್ ದಿನವೂ ತಾವೇ ಮಾಡುತ್ತವೆ.

ಎಚ್ಚರವಾದ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾ ಬಂದೆ. ಮೊದಲ ಎರಡು ವಾರ ಸೆಷನ್ ಆದ ರಾತ್ರಿ ಮಾತ್ರ ಒಳ್ಳೆಯ ನಿದ್ದೆ, ಮರುದಿನದಿಂದ ಮತ್ತೆ ಮೂರು ಗಂಟೆ. ಐದನೇ ವಾರದ ಹೊತ್ತಿಗೆ ವಾರದಲ್ಲಿ ನಾಲ್ಕು ರಾತ್ರಿ ಬೆಳಗಿನವರೆಗೆ ನಿದ್ದೆ. ಅಷ್ಟರಲ್ಲಿ ಅಮ್ಮ ಒಬ್ಬರೇ ಬಾತ್‌ರೂಮಿಗೆ ಹೋಗುವಷ್ಟಾಗಿದ್ದರು, ನಾನು ಸಂಜೆಯ ಕಾಫಿ ಬಿಟ್ಟಿದ್ದೆ. ಎಲ್ಲದರ ಶ್ರೇಯಸ್ಸು ಪಾದಕ್ಕೇ ಅಂತ ಹೇಳುವುದಿಲ್ಲ. ಆದರೆ ಮೂರು ಗಂಟೆಗೆ ಎಚ್ಚರವಾದಾಗ ಅಂಗಾಲಿನ ಆ ತಗ್ಗನ್ನು ನೆನೆದು ಉದ್ದವಾಗಿ ಉಸಿರು ಬಿಡುವುದು ಅಭ್ಯಾಸವಾಗಿದೆ. ದವಡೆ ಸಡಿಲವಾಗುತ್ತದೆ. ಇದನ್ನು ಕಲಿತಿದ್ದು ಅಲ್ಲೇ.

ಕೊನೆಯ ದಿನ ಅವರನ್ನು ಕೇಳಿದೆ, ಇದನ್ನು ಅಮ್ಮನಿಗೆ ಮಾಡಬಹುದಾ ಅಂತ. ಅವರು ಕೂಡಲೇ ಬೇಡ ಅಂತ ತಲೆಯಾಡಿಸಿದರು. ಆಪರೇಷನ್ ಆಗಿದೆ, ರಕ್ತ ತೆಳುವಾಗುವ ಮಾತ್ರೆ ಇದೆ, ಡಾಕ್ಟರ್ ಒಪ್ಪುವವರೆಗೆ ಕಾಲು ಮುಟ್ಟಬೇಡಿ ಅಂದರು. "ಕೈಗೆ ಮಾಡಿ. ಹಗುರವಾಗಿ. ಒತ್ತೋದಕ್ಕಿಂತ ಹಿಡ್ಕೊಳ್ಳೋದು ಜಾಸ್ತಿ ಇರ್ಲಿ."

ಈಗ ದಿನಾ ರಾತ್ರಿ ಮಲಗುವ ಮೊದಲು ಅಮ್ಮನ ಕೈ ನನ್ನ ಎರಡು ಕೈಯೊಳಗೆ. ಮೊದಲು ಒಂದು ನಿಮಿಷ ಸುಮ್ಮನೆ ಹಿಡಿದುಕೊಳ್ಳುತ್ತೇನೆ. ಆಮೇಲೆ ಹೆಬ್ಬೆರಳಿನ ಬುಡದ ದಪ್ಪ ಭಾಗದಿಂದ ಅಂಗೈಯ ನಡುವಿನವರೆಗೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದೆ. ವಾಕರ್ ಹಿಡಿದು ಹಿಡಿದು ಅಲ್ಲಿ ಚರ್ಮ ಗಟ್ಟಿಯಾಗಿದೆ. ನಿನ್ನೆ ಬಲಗೈ ಮುಗಿಯುವಷ್ಟರಲ್ಲಿ ಅಮ್ಮನಿಗೆ ಜೊಂಪು ಹತ್ತಿತ್ತು. ಎದ್ದು ಹೋಗೋಣ ಅಂತ ಮೆಲ್ಲಗೆ ಕೈ ಬಿಟ್ಟೆ. ಕಣ್ಣು ಮುಚ್ಚಿಕೊಂಡೇ ಎಡಗೈ ಮುಂದೆ ಚಾಚಿದರು.